ಡ್ರೈಯರ್ ಕೆಟ್ಟಿಲ್ಲ, ಪೈಪ್ ಮುಟ್ಟಿ ನೋಡಿ

ಏಪ್ರಿಲ್‌ನಲ್ಲಿ ಕೊಪ್ಪಳದ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಿಂದ ಫೋನ್ ಬಂತು. "ಸರ್, ಡ್ರೈಯರ್ ಕೆಟ್ಟೈತ್ರಿ. ಬ್ಯಾಗ್ ಫಿಲ್ಟರ್‌ಗೆ ನೀರು ಬರಾಕತ್ತೈತಿ." ಕಂಪ್ರೆಸರ್‌ನಿಂದ ಬರುವ ಗಾಳಿಯ ನೀರು ತೆಗೆಯುವ ಡ್ರೈಯರ್ ಅದು. ಬ್ಯಾಗ್ ಫಿಲ್ಟರ್ ಅಂದರೆ ಧೂಳು ಹಿಡಿಯುವ ಬಟ್ಟೆ ಚೀಲಗಳು, ಆ ಒಣಗಾಳಿ ಹೊಡೆದೇ ಧೂಳು ಉದುರಿಸುವುದು. ಹೋಗಿ ನೋಡಿದೆ. ಫಿಲ್ಟರ್ ಚೀಲಗಳ ಮೇಲೆ ಧೂಳು ಕೆಸರಾಗಿ ಅಂಟಿತ್ತು, ಗಾಳಿ ಹೊಡೆದರೂ ಉದುರುತ್ತಿರಲಿಲ್ಲ. ಹೊಸ ಡ್ರೈಯರ್‌ನ ಕೊಟೇಶನ್ ಆಗಲೇ ಮ್ಯಾನೇಜರ್ ಟೇಬಲ್ ಮೇಲಿತ್ತು.

ನಾನು ಡ್ರೈಯರ್ ಬಿಟ್ಟು ಅದಕ್ಕೆ ಗಾಳಿ ತರುವ ಪೈಪ್ ಮುಟ್ಟಿದೆ. ಕೈ ಇಡಲಾಗಲಿಲ್ಲ. ಅಳೆದರೆ 55 ಡಿಗ್ರಿ. ಕಂಪ್ರೆಸರ್‌ನ ಬಿಸಿಗಾಳಿ ತಣ್ಣಗೆ ಮಾಡುವ ಆಫ್ಟರ್‌ಕೂಲರ್‌ನ ಫಿನ್‌ಗಳಿಗೆ ಕರಿಧೂಳು ಕಂಬಳಿ ಹೊದ್ದಂತೆ ಕೂತಿತ್ತು. 35 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 40 ಗ್ರಾಂ ನೀರಾವಿ ಹಿಡಿದರೆ, 55ರಲ್ಲಿ 100 ಗ್ರಾಂ ದಾಟುತ್ತದೆ. ಎರಡೂವರೆ ಪಟ್ಟು ನೀರು ಬಂದರೆ ಡ್ರೈಯರ್ ಆದ್ರೂ ಏನು ಮಾಡೀತು? ಕೂಲರ್ ತೊಳೆದೆವು, ಕಟ್ಟಿಕೊಂಡಿದ್ದ ಡ್ರೈನ್ ಬಿಡಿಸಿದೆವು. ಹೊಸ ಡ್ರೈಯರ್ ಬೇಕಾಗಲಿಲ್ಲ.

ಡೆಸಿಕೆಂಟ್ ಡ್ರೈಯರ್ ಅಂದರೆ ಎರಡು ಟವರ್. ಒಳಗೆ ಸಾಬುದಾಣಿಯಂಥ ಬಿಳಿ ಗುಂಡುಗಳು, ಹೆಚ್ಚಾಗಿ ಆ್ಯಕ್ಟಿವೇಟೆಡ್ ಅಲ್ಯುಮಿನಾ. ಒಂದು ಟವರ್ ಗಾಳಿಯ ನೀರು ಹೀರುವಾಗ ಇನ್ನೊಂದು ತಾನು ಹೀರಿದ್ದನ್ನು ಹೊರಹಾಕಿ ಒಣಗುತ್ತದೆ. ಆಮೇಲೆ ಅದಲು ಬದಲು. ಒದ್ದೆ ಟವರನ್ನು ಹೇಗೆ ಒಣಗಿಸುತ್ತೀರಿ ಅನ್ನುವುದರ ಮೇಲೆ ಬಗೆಗಳು ಹುಟ್ಟಿವೆ. ಕರೆಂಟ್ ಬಿಲ್ಲೂ ಅಲ್ಲೇ ಹುಟ್ಟುತ್ತದೆ.

ನಮ್ಮ ಕಡೆ ಜಾಸ್ತಿ ಕಾಣುವುದು ಹೀಟ್‌ಲೆಸ್. ಹೀಟರ್ ಇಲ್ಲ, ಬ್ಲೋವರ್ ಇಲ್ಲ. ಒಣಗಿದ ಗಾಳಿಯಲ್ಲೇ ಸ್ವಲ್ಪ ತೆಗೆದು ಒದ್ದೆ ಟವರ್ ಮೂಲಕ ಹೊರಗೆ ಬಿಡುತ್ತದೆ. ಇದೇ ಪರ್ಜ್. 7 ಬಾರ್ ಗಾಳಿ ಹೊರಗಿನ ಒತ್ತಡಕ್ಕೆ ಇಳಿದರೆ ಸುಮಾರು 8 ಪಟ್ಟು ಹಿಗ್ಗುತ್ತದೆ, ಅಷ್ಟೇ ಜಾಸ್ತಿ ನೀರಾವಿ ಹೊರುತ್ತದೆ. ಹಾಗಾಗಿ ಎಂಟರಲ್ಲಿ ಒಂದು ಪಾಲು, ಮೇಲೆ ಒಂದಿಷ್ಟು ಸೇರಿಸಿ ಸುಮಾರು 15 ಶೇಕಡಾ ಬೇಕು. ಲೈನ್ ಒತ್ತಡ ಇಳಿಸಿದರೆ ಈ ಪಾಲು ಏರುತ್ತದೆ. ಇದನ್ನು ಡ್ರೈಯರ್ ಮಾರುವವರು ಬಾಯಿಬಿಟ್ಟು ಹೇಳಿದ್ದು ನಾನಂತೂ ಕೇಳಿಲ್ಲ.

500 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಡ್ರೈಯರ್ ಇದೆ ಅನ್ನಿ. 75 ಸಿಎಫ್‌ಎಂ ಸುಮ್ನೆ ಸೈಲೆನ್ಸರ್‌ನಿಂದ ಹೊರಗೆ. ಸ್ಕ್ರೂ ಕಂಪ್ರೆಸರ್ ಒಂದು ಕಿಲೋವ್ಯಾಟ್‌ಗೆ 5ರಿಂದ 6 ಸಿಎಫ್‌ಎಂ ಕೊಡುತ್ತದೆ. ಅಂದರೆ ಹಗಲು ರಾತ್ರಿ ಓಡಿದರೆ ದಿನಕ್ಕೆ 300 ಯೂನಿಟ್‌ಗೆ ಕಡಿಮೆ ಇಲ್ಲ. ಬರೀ ಟೈಮರ್ ಇರುವ ಡ್ರೈಯರ್‌ಗೆ ಪ್ಲಾಂಟ್ ಅರ್ಧ ಲೋಡ್‌ನಲ್ಲಿದೆ ಅನ್ನುವುದೂ ಗೊತ್ತಾಗುವುದಿಲ್ಲ, ಅಷ್ಟೇ ಗಾಳಿ ಬಿಡುತ್ತಿರುತ್ತದೆ. ಡ್ಯೂ ಪಾಯಿಂಟ್ (ಗಾಳಿಯ ನೀರಾವಿ ನೀರಾಗಲು ಶುರುವಾಗುವ ಡಿಗ್ರಿ) ನೋಡಿ ಟವರ್ ಬದಲಿಸುವ ಕಂಟ್ರೋಲರ್‌ಗೆ ದುಡ್ಡು ಹಾಕಿ, ದಂಡ ಆಗುವುದಿಲ್ಲ.

ಹಾಗಂತ ಪರ್ಜ್ ನಿಲ್ಲಿಸಬೇಡಿ. ಟವರ್ ಬದಲಾಗುವಾಗ ಲಾರಿ ಬ್ರೇಕಿನಂತೆ ಭುಸ್ ಅಂತದೆ, ಆಮೇಲೆ ಸುಯ್ ಅಂತ ಗಾಳಿ ಹೋಗುತ್ತಲೇ ಇರುತ್ತದೆ. ಒಂದು ಕಡೆ ಹೊಸ ಫಿಟ್ಟರ್ ಇದನ್ನು ಲೀಕ್ ಅಂದುಕೊಂಡು ಪರ್ಜ್ ವಾಲ್ವ್ ಮುಚ್ಚಿದ್ದ. ಗಾಳಿ ಉಳಿಯಿತು ನಿಜ. ಸ್ವಲ್ಪ ಹೊತ್ತಿನಲ್ಲೇ ಎರಡೂ ಟವರ್ ಒದ್ದೆ!

ಗಾಳಿಯ ಬಳಕೆ ಜಾಸ್ತಿ ಇದ್ದಲ್ಲಿ ಹೀಟರ್ ಇರುವುದನ್ನೇ ನೋಡಿ. ಪರ್ಜ್ ಗಾಳಿಯನ್ನು ಕಾಯಿಸಿ ಬಿಟ್ಟರೆ 7, 8 ಶೇಕಡಾ ಸಾಕು. ಬ್ಲೋವರ್ ಬಗೆಯಲ್ಲಿ ಹೊರಗಿನ ಗಾಳಿಯನ್ನೇ ಎಳೆದು ಕಾಯಿಸುತ್ತಾರೆ. ಒಣಗಿಸಿದ ಗಾಳಿ ಬೇಕಾದರೂ ಟವರ್ ತಣ್ಣಗೆ ಮಾಡುವಷ್ಟೇ. ನಮ್ಮ ಬಳ್ಳಾರಿ ಧೂಳಿಗೆ ಬ್ಲೋವರ್‌ನ ಫಿಲ್ಟರ್ ಮಾತ್ರ ಮೇಲಿಂದ ಮೇಲೆ ಬಿಚ್ಚಿ ನೋಡಬೇಕು.

ಕಂಪ್ರೆಸರ್‌ನ ಬಿಸಿಗಾಳಿಯಿಂದಲೇ ಗುಂಡುಗಳನ್ನು ಒಣಗಿಸುವ ಬಗೆಯೂ ಇದೆ. ಪರ್ಜ್ ಬಹುತೇಕ ಇಲ್ಲ. ಆದರೆ ಆಯಿಲ್ ಫ್ರೀ ಕಂಪ್ರೆಸರ್ ಇದ್ದರೆ ಮಾತ್ರ. ತೋರಣಗಲ್ಲಿನಲ್ಲಿ ಇರುವಂಥ ದೊಡ್ಡ ಪ್ಲಾಂಟ್‌ಗೆ ಸರಿ, ಸಣ್ಣವರಿಗೆ ಬೇಡ. ಎಣ್ಣೆ ಈ ಗುಂಡುಗಳಿಗೆ ವಿಷ ಇದ್ದ ಹಾಗೆ. ಒಮ್ಮೆ ಮೆತ್ತಿದರೆ ನೀರು ಹೀರುವ ಸಣ್ಣ ರಂಧ್ರಗಳೇ ಮುಚ್ಚಿಹೋಗುತ್ತವೆ. ಬಿಳಿ ಗುಂಡು ಚಹಾ ಬಣ್ಣಕ್ಕೆ ತಿರುಗಿದ್ದರೆ ಡ್ರೈಯರ್‌ಗೆ ಗಾಳಿ ಹೋಗುವ ಮೊದಲು ಎಣ್ಣೆ ಹಿಡಿಯುವ ಫಿಲ್ಟರ್ ನೋಡಿ. ಅದನ್ನು ಬದಲಿಸದೆ ಹೊಸ ಗುಂಡು ತುಂಬಿಸಿದರೆ ಅವೂ ಹಾಳು.

ಇನ್ನೊಂದು ಮಾತು. ಡೆಸಿಕೆಂಟ್ ಎಲ್ಲರಿಗೂ ಬೇಕಿಲ್ಲ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಸಾರ್ಟೆಕ್ಸ್‌ಗೆ (ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಮಷೀನ್) ಅಂತ ಮೈನಸ್ 40 ಡಿಗ್ರಿ ಡ್ಯೂ ಪಾಯಿಂಟ್ ಕೇಳುತ್ತಾರೆ. ಕಪ್ಪಾದ ಅಕ್ಕಿ ಕಾಳನ್ನು ಗಾಳಿಯಿಂದ ಊದಿ ಹಾರಿಸುವ ಎಜೆಕ್ಟರ್‌ಗೆ ನೀರು ಆಗದು, ಖರೆ. ಆದರೆ 3 ಡಿಗ್ರಿ ಡ್ಯೂ ಪಾಯಿಂಟ್ ಕೊಡುವ ರೆಫ್ರಿಜರೇಟೆಡ್ (ಗಾಳಿಯನ್ನು ತಣ್ಣಗೆ ಮಾಡಿ ನೀರು ಇಳಿಸುವ) ಡ್ರೈಯರ್ ಆದರೂ, 30 ಡಿಗ್ರಿಯ ಪೈಪ್‌ನಲ್ಲಿ ತೇವಾಂಶ 20 ಶೇಕಡಾಕ್ಕಿಂತ ಕೆಳಗೇ ಇರುತ್ತದೆ. ನಮ್ಮೂರ ಚಳಿಗಾಲದಲ್ಲೂ ಪೈಪ್ 3 ಡಿಗ್ರಿಗೆ ಇಳಿಯುವುದಿಲ್ಲ ಅಲ್ವಾ? ಮಷೀನಿನ ಪುಸ್ತಕದಲ್ಲೇ ಅದಕ್ಕಿಂತ ಒಣಗಾಳಿ ಕೇಳಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಇದೇ ಸಾಕು, ತಗಡಿನ ಶೆಡ್‌ನ ಸೆಕೆಯಲ್ಲಿ ಮಾತ್ರ ಇಡಬೇಡಿ.

ಡೆಸಿಕೆಂಟೇ ಬೇಕಾದರೆ ಏಪ್ರಿಲ್ ಮಧ್ಯಾಹ್ನ 3 ಗಂಟೆಗೆ ಪೈಪ್‌ನ ಬಿಸಿ ಅಳೆಯಿರಿ. ದಿನದಲ್ಲಿ ಲೈನ್ ಒತ್ತಡ ಎಷ್ಟಕ್ಕೆ ಇಳಿಯುತ್ತದೆ ನೋಡಿ. ಈ ಎರಡು ಅಂಕಿ ಬರೆದುಕೊಟ್ಟು ಕೊಟೇಶನ್ ಕೇಳಿ. ಪರ್ಜ್ ಎಷ್ಟು ಅನ್ನುವುದನ್ನೂ ಅದರಲ್ಲೇ ಬರೆಸಿಕೊಳ್ಳಿ.