ಸರೋವರದ ಹೂಳಿನಲ್ಲಿ ಹಸಿರು ಪಾಚಿ ಎಲ್ಲ ಕಡೆ ಒಂದೇ ಸಮ ಸಿಗುತ್ತದೆಯೇ?

ಪ್ರಶ್ನೆ: ನೀರಿನಲ್ಲಿ ಬೆಳೆದ ಹಸಿರು ಪಾಚಿ ಸತ್ತ ಮೇಲೆ ತಳಕ್ಕಿಳಿಯುತ್ತದೆ. ಹಾಗಾದರೆ ಸರೋವರದ ತಳದಲ್ಲಿ ಎಲ್ಲಿ ಅಗೆದರೂ ಅದರ ಅವಶೇಷ ಒಂದೇ ಪ್ರಮಾಣದಲ್ಲಿ ಸಿಗಬೇಕಲ್ಲವೇ?

ಉತ್ತರ: ಸಿಗುವುದಿಲ್ಲ. ಪಾಚಿ ಎಲ್ಲಿ ಬದುಕಿತ್ತು ಎನ್ನುವುದಕ್ಕಿಂತ, ಅದರ ಕೋಶಭಿತ್ತಿ ಎಷ್ಟು ಗಟ್ಟಿ, ಸತ್ತ ಮೇಲೆ ನೀರು ಅದನ್ನು ಎಲ್ಲಿಗೆ ಒಯ್ದಿತು ಎನ್ನುವುದೇ ಎಷ್ಟೋ ಸಲ ಹೆಚ್ಚು ನಿರ್ಣಾಯಕ.

ಕ್ಲಾಮಿಡೋಮೊನಾಸ್‌ನಂಥ ಒಂದೇ ಕೋಶದ ಹಸಿರು ಪಾಚಿಗಳು ಬೇಗ ಕೊಳೆತುಹೋಗುತ್ತವೆ. ಸ್ಪೈರೋಗೈರಾದ ಎಳೆಗಳೂ ಉಳಿಯುವುದು ಅಪರೂಪ, ಅದರ ದಪ್ಪಗೋಡೆಯ ಬೀಜಕಗಳು ಮಾತ್ರ ಸಿಗುತ್ತವೆ. ಪೀಡಿಯಾಸ್ಟ್ರಮ್, ಬಾಟ್ರಿಯೊಕಾಕಸ್‌ ಎಂಬ ಹಸಿರು ಪಾಚಿಗಳ ಭಿತ್ತಿ ಹಾಗಲ್ಲ; ಸುಲಭಕ್ಕೆ ಕೊಳೆಯದ ವಸ್ತುವಿನಿಂದಾದದ್ದು. ಹೂಳಿನಲ್ಲಿ ಹಳೆಯ ಹೂವಿನ ಪರಾಗ ಹುಡುಕುವವರು ಹೈಡ್ರೋಫ್ಲೋರಿಕ್ ಆಮ್ಲ ಹಾಕಿ ಮಣ್ಣಿನ ಕಣಗಳನ್ನೆಲ್ಲ ಕರಗಿಸಿದ ಮೇಲೂ ಸಾವಿರಾರು ವರ್ಷ ಹಳೆಯ ಪೀಡಿಯಾಸ್ಟ್ರಮ್ ಸೂಕ್ಷ್ಮದರ್ಶಕದಲ್ಲಿ ನಕ್ಷತ್ರದಂತೆ ಕಾಣುತ್ತದೆ. ಹೂಳಿನಲ್ಲಿ ಕಾಣದ ಪಾಚಿ ನೀರಿನಲ್ಲೂ ಇರಲಿಲ್ಲ ಎಂದು ಹೇಳಲು ಬರುವುದಿಲ್ಲ.

ಇನ್ನು ಸಾಗಾಟದ ಮಾತು. ದಡದ ಹತ್ತಿರ ಅಲೆಗಳು ತಳವನ್ನು ಮತ್ತೆ ಮತ್ತೆ ಕದಡುತ್ತವೆ. ಹಗುರ ಕಣಗಳು ಎದ್ದು, ತೇಲಿ, ಕೊನೆಗೆ ಅಲೆ ತಲುಪದ ಆಳದಲ್ಲಿ ನೆಲೆಗೊಳ್ಳುತ್ತವೆ. ಪಾಚಿಯ ಅವಶೇಷ ಸಾಗುವುದೂ ಈ ನುಣುಪು ಹೂಳಿನ ಜೊತೆಗೇ. ಆದ್ದರಿಂದ ಮರಳು ತಳದಲ್ಲಿ ವಿರಳವಾಗಿ, ಆಳದ ಮೆತ್ತನೆ ಕೆಸರಿನಲ್ಲಿ ಹೇರಳವಾಗಿ ಸಿಗುವುದು ಸಾಮಾನ್ಯ. ಆದರೆ ಪೀಡಿಯಾಸ್ಟ್ರಮ್‌ನ ಹಲವು ಪ್ರಭೇದಗಳಿಗೆ ಜಲಸಸ್ಯಗಳ ನಡುವಿನ ಆಳವಿಲ್ಲದ ನೀರೇ ಇಷ್ಟ. ಅಲ್ಲಿ ಗಿಡಗಳು ಅಲೆಯನ್ನು ತಡೆದರೆ ಅವಶೇಷವೂ ಅಲ್ಲೇ ತಂಗುತ್ತದೆ. ಬಾಟ್ರಿಯೊಕಾಕಸ್‌ನದು ಇನ್ನೊಂದು ದಾರಿ: ಮೈಯಲ್ಲಿ ಎಣ್ಣೆ ತುಂಬಿಕೊಂಡು ಮೇಲೆ ತೇಲುವ ಅದನ್ನು ಗಾಳಿ ಒಂದು ದಡಕ್ಕೆ ತಳ್ಳಿಬಿಡುತ್ತದೆ.

ನದಿ ಸೇರುವ ಜಾಗದಲ್ಲಿ ಎಣಿಕೆ ಸುಲಭವಾಗಿ ದಾರಿ ತಪ್ಪಿಸುತ್ತದೆ. ನದಿ ತಂದ ಮಣ್ಣು ಹೆಚ್ಚಾದಷ್ಟೂ, ಪಾಚಿ ಮೊದಲಿನಷ್ಟೇ ಬಿದ್ದರೂ, ಒಂದು ಗ್ರಾಂ ಹೂಳಿನಲ್ಲಿ ಅದರ ಸಂಖ್ಯೆ ಇಳಿಯುತ್ತದೆ. ಮೇಲ್ಭಾಗದ ಹೊಂಡಗಳ ಪಾಚಿಯೂ ನದಿಯೊಂದಿಗೆ ಬಂದು ಸೇರಬಹುದು. ಹೀಗಾಗಿ ಗ್ರಾಂ ಲೆಕ್ಕವೊಂದನ್ನೇ ನಂಬಬಾರದು. ಸಂಖ್ಯೆ ಗೊತ್ತಿರುವ, ಲೈಕೋಪೋಡಿಯಮ್ ಎಂಬ ಹೂಬಿಡದ ಗಿಡದ ಬೀಜಕಗಳನ್ನು ಮಾದರಿಗೆ ಬೆರೆಸಿ, ಎರಡನ್ನೂ ಎಣಿಸಿ ಪಾಚಿಯ ಸಾಂದ್ರತೆ ಕಂಡುಕೊಳ್ಳುತ್ತಾರೆ. ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ವಿಕಿರಣಶೀಲ ಸೀಸ-210ರಿಂದ ಈಚಿನ ಪದರಗಳ ವಯಸ್ಸು ತಿಳಿದರೆ, ವರ್ಷಕ್ಕೆ ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ಬಿತ್ತೆಂಬ ಲೆಕ್ಕ ಕೈಗೆ ಬರುತ್ತದೆ. ಹೋಲಿಸಬೇಕಾದದ್ದು ಈ ಲೆಕ್ಕವನ್ನು.

ಮೇಲಿನಿಂದ ಕೆಳಕ್ಕೂ ಸಮತೆಯಿಲ್ಲ. ಹುಳುಗಳು, ಕೀಟಗಳ ಮರಿಗಳು ಮೇಲ್ಪದರವನ್ನು ಕಲಸುತ್ತವೆ. ಆಮ್ಲಜನಕವಿಲ್ಲದ ಆಳದಲ್ಲಿ ಅವು ಬದುಕಲಾರವು, ಪದರಗಳು ಬಿದ್ದ ಹಾಗೇ ಉಳಿಯುತ್ತವೆ. ಭಿತ್ತಿ ಕೊಳೆತುಹೋದ ಹಸಿರು ಪಾಚಿಯ ಕ್ಲೋರೋಫಿಲ್-ಬಿ, ಲ್ಯೂಟಿನ್ ಎಂಬ ವರ್ಣದ್ರವ್ಯಗಳ ಗುರುತೂ ಇಂಥ ಕತ್ತಲ ತಳದಲ್ಲೇ ಚೆನ್ನಾಗಿ ಉಳಿಯುವುದು. ಆದರೆ ಲ್ಯೂಟಿನ್ ದೊಡ್ಡ ಗಿಡಗಳಿಂದಲೂ ಬರುತ್ತದೆ ಎಂಬ ಎಚ್ಚರ ಬೇಕು.

ತಳಕ್ಕೆ ಕೊಳವೆ ಇಳಿಸಿ ಹೂಳಿನ ಒಂದೇ ಮಾದರಿ ತೆಗೆಯಲು ಸಾಧ್ಯವಿದ್ದರೆ ಆಳದ ನಡುಭಾಗವನ್ನೇ ಆರಿಸಬೇಕು, ಅಲ್ಲಿ ಸರೋವರದ ಬೇರೆ ಬೇರೆ ಕಡೆಯಿಂದ ಬಂದದ್ದು ಬೆರೆತು ಸೇರಿರುತ್ತದೆ. ಜಲಸಸ್ಯಗಳ ನಡುವಿನ ಪಾಚಿಯ ಕಥೆ ಬೇಕಾದವರಿಗೆ ಅದು ಸಾಲದು. ಅವರು ಮೊದಲು ದಡದಿಂದ ಆಳದವರೆಗೆ ಸಾಲಾಗಿ ಮೇಲ್ಪದರದ ಮಾದರಿಗಳನ್ನು ತೆಗೆದು, ಇಂದಿನ ಪಾಚಿ ಎಲ್ಲೆಲ್ಲಿ ಬಂದು ಬೀಳುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.