ಕಾಣದ ಕಣದ ಲೆಕ್ಕ ಕೊಲೈಡರ್‌ಗೆ ಸಿಗುವುದು ಹೇಗೆ?

ಪ್ರಶ್ನೆ: ಡಾರ್ಕ್ ಮ್ಯಾಟರ್ ಯಾವ ಡಿಟೆಕ್ಟರ್‌ಗೂ ಸಿಗೂದಿಲ್ಲ ಅಂತೀರಿ. ಹಂಗಾದ್ರ ಪ್ರೋಟಾನ್ ಡಿಕ್ಕಿ ಹೊಡಿಸಿ ಅದನ್ನ ಹುಡುಕೂದು ಹೆಂಗ್ರೀ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಅಡ್ಡದಿಕ್ಕಿನ, ಎಂದರೆ ಪ್ರೋಟಾನ್‌ಗಳ ಹಾದಿಗೆ ಲಂಬವಾದ ದಿಕ್ಕಿನ, ಸಂವೇಗದ ಲೆಕ್ಕ ಇಟ್ಟು ಹುಡುಕುತ್ತಾರೆ. ಜಿನೀವಾ ಬಳಿಯ ಪ್ರೋಟಾನ್ ಕೊಲೈಡರ್ ಎಲ್‌ಎಚ್‌ಸಿಯಲ್ಲಿ ಎದುರುಬದುರು ಬರುವ ಪ್ರೋಟಾನ್‌ಗಳಿಗೆ ಅಡ್ಡದಿಕ್ಕಿನಲ್ಲಿ ಸಂವೇಗ ಹೆಚ್ಚುಕಡಿಮೆ ಸೊನ್ನೆ. ಡಿಕ್ಕಿಯಾದ ಮೇಲೂ ಮೊತ್ತ ಸೊನ್ನೆಯೇ ಬರಬೇಕು. ಒಂದು ಕಡೆ 300 ಜಿಇವಿಯ (ಕಣಗಳ ಶಕ್ತಿ ಅಳೆಯುವ ಮಾನ) ಜೆಟ್, ಎಂದರೆ ಕಣಗಳ ಚಿಲುಮೆ, ಹಾರಿ ಎದುರಿಗೆ ಏನೂ ದಾಖಲಾಗದಿದ್ದರೆ ಅಷ್ಟು ಸಂವೇಗ ಖೋತಾ. ಆ ಜೆಟ್ ಬೇಕೇ ಬೇಕು. ಬರೀ ಡಾರ್ಕ್ ಮ್ಯಾಟರ್ ಜೋಡಿ ಹುಟ್ಟಿದರೆ ಯಾವ ಡಿಕ್ಕಿ ಉಳಿಸಬೇಕೆಂದು ಆರಿಸುವ ಟ್ರಿಗರ್‌ಗೆ ಏನೂ ಸಿಗದೆ ಆ ಘಟನೆ ದಾಖಲೇ ಆಗುವುದಿಲ್ಲ.

ನಿಜವಾದ ತಲೆನೋವು ನ್ಯೂಟ್ರಿನೊಗಳದ್ದು. ಈ ಹಗುರ ಕಣಗಳೂ ಡಿಟೆಕ್ಟರ್‌ಗೆ ಕಾಣವು. ಡಿಕ್ಕಿಯಲ್ಲಿ ಹುಟ್ಟಿ ಕ್ಷಣದಲ್ಲೇ ಒಡೆಯುವ ಝಡ್ ಬೋಸಾನ್ ಕಣಗಳಲ್ಲಿ ಶೇ. 20ರಷ್ಟು ನ್ಯೂಟ್ರಿನೊ ಜೋಡಿಯಾಗಿ ಒಡೆಯುತ್ತವೆ. ನೋಡಲು ಥೇಟ್ ಡಾರ್ಕ್ ಮ್ಯಾಟರ್ ಘಟನೆಯೇ. ಇವು ಎಷ್ಟಿರಬೇಕು ಎಂದು ತಿಳಿಯಲು, ಝಡ್ ಕಣ ಮ್ಯೂಆನ್ (ಎಲೆಕ್ಟ್ರಾನ್‌ನ ಭಾರದ ಸೋದರ, ಡಿಟೆಕ್ಟರ್‌ಗೆ ಕಾಣುವ ಕಣ) ಜೋಡಿಯಾಗಿ ಒಡೆದ ಘಟನೆಗಳನ್ನು ಆರಿಸಿ, ಲೆಕ್ಕದಲ್ಲಿ ಮ್ಯೂಆನ್‌ಗಳನ್ನು ಅಳಿಸಿ, ಕಾಣದಂತೆ ಹೋದವು ಎಂದೇ ಎಣಿಸುತ್ತಾರೆ. ಇಂಥ ಒಡೆತ ಶೇ. 3.4 ಮಾತ್ರ. ಹಾಗಾಗಿ ಸುಮಾರು ಆರು ಪಟ್ಟು ಹಿಗ್ಗಿಸಬೇಕು. ಖೋತಾ ದೊಡ್ಡದಾದಷ್ಟೂ ಘಟನೆಗಳು ವಿರಳವಾಗಿ ಅನಿಶ್ಚಿತತೆ ಬೆಳೆಯುತ್ತದೆ. ಅದಕ್ಕೇ ಝಡ್‌ನಂಥದ್ದೇ ಆದರೂ ಹೆಚ್ಚು ಸಂಖ್ಯೆಯಲ್ಲಿ ಸಿಗುವ ಡಬ್ಲ್ಯೂ ಬೋಸಾನ್ ಘಟನೆಗಳನ್ನೂ ಜೊತೆಗಿಟ್ಟುಕೊಳ್ಳುತ್ತಾರೆ.

ಯಂತ್ರವೂ ಸುಳ್ಳು ಹೇಳುತ್ತದೆ. ಎಲ್‌ಎಚ್‌ಸಿಯ ಅಟ್ಲಾಸ್ ಡಿಟೆಕ್ಟರ್ 46 ಮೀಟರ್ ಉದ್ದ, 25 ಮೀಟರ್ ವ್ಯಾಸ. ನಿಮ್ಮೂರ ಗೋಳಗುಮ್ಮಟದ ಹಜಾರದಲ್ಲೂ ಹಿಡಿಸದು. ಅಷ್ಟು ದೊಡ್ಡದರಲ್ಲಿ ಒಂದು ಸಂದು, ಒಂದು ಸತ್ತ ಸೆಲ್ ಜೆಟ್‌ನ ಶಕ್ತಿ ನುಂಗಿದರೂ ಖೋತಾ ತೋರುತ್ತದೆ. ಆದರೆ ಈ ಹುಸಿ ಖೋತಾ ಅದೇ ಜೆಟ್‌ನ ದಿಕ್ಕಿಗೇ ಇರುತ್ತದೆ. ಆದ್ದರಿಂದ ಎರಡರ ನಡುವಿನ ಕೋನ ಸುಮಾರು 0.4 ರೇಡಿಯನ್‌ಗಿಂತ (ಸುಮಾರು 23 ಡಿಗ್ರಿ) ಕಡಿಮೆಯಿದ್ದರೆ ಆ ಘಟನೆಯನ್ನು ಕೈಬಿಡುತ್ತಾರೆ.

2015–18ರ 13 ಟಿಇವಿ (1 ಟಿಇವಿ = 1,000 ಜಿಇವಿ) ಡಿಕ್ಕಿಗಳ ದತ್ತಾಂಶದ ಈ ಬಗೆಯ ಹುಡುಕಾಟದಲ್ಲಿ ಹೆಚ್ಚುವರಿ ಏನೂ ಸಿಗಲಿಲ್ಲ. ಹಾಗೆಂದು ಡಾರ್ಕ್ ಮ್ಯಾಟರ್‌ನ ಸಿದ್ಧಾಂತ ಮಾದರಿಗಳೆಲ್ಲ ಬಿದ್ದುಹೋದವೇ? ಇಲ್ಲ. ಪ್ರೋಟಾನ್‌ನೊಳಗಿನ ಕ್ವಾರ್ಕ್‌ಗಳಿಗೂ ಡಾರ್ಕ್ ಮ್ಯಾಟರ್‌ಗೂ ನಂಟು ಬೆಸೆಯುವ ‘2 ಟಿಇವಿವರೆಗಿನ ಮಧ್ಯವರ್ತಿ ಕಣ ಇಲ್ಲ’ ಎನ್ನುವ ನಕ್ಷೆಯ ಮೂಲೆಯಲ್ಲಿ ಕ್ವಾರ್ಕ್ ಜೋಡಣೆ (ಆ ನಂಟಿನ ಬಲ) 0.25, ಡಾರ್ಕ್ ಮ್ಯಾಟರ್ ಜೋಡಣೆ 1 ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಕ್ವಾರ್ಕ್ ಜೋಡಣೆಯನ್ನು 0.1ಕ್ಕೆ ಇಳಿಸಿದರೆ ‘ಇಲ್ಲ’ ಎನ್ನುವ ಗೆರೆ 2 ಟಿಇವಿಗಿಂತ ಹಿಂದೆ ಸರಿಯುತ್ತದೆ. ಆ ಸಣ್ಣಕ್ಷರ ಓದದೆ ನಕ್ಷೆ ನೋಡಬೇಡಿ.

ನಾಳೆ ಖೋತಾ ಸಿಕ್ಕರೂ ಸಾಬೀತಾಗುವುದು ಇಷ್ಟೇ: ಡಿಟೆಕ್ಟರ್ ದಾಟುವ ಕೆಲವೇ ನ್ಯಾನೊಸೆಕೆಂಡ್ ಆ ಕಣ ಬದುಕಿತ್ತು. ವಿಶ್ವ ಹುಟ್ಟಿದಾಗಿನಿಂದ 1,380 ಕೋಟಿ ವರ್ಷ ಉಳಿದ ವಸ್ತು ಅದೇ ಎನ್ನಲು ಎಲ್‌ಝಡ್, ಝೆನಾನ್‌ಎನ್‌ಟಿಯಂಥ ಡಾರ್ಕ್ ಮ್ಯಾಟರ್ ಹುಡುಕುವ ನೆಲದಾಳದ ದ್ರವ ಝೆನಾನ್ ತೊಟ್ಟಿಗಳಲ್ಲೂ ಅದು ಕಾಣಿಸಿಕೊಳ್ಳಬೇಕು.