ಮೊದಲು ಆ ಎಮರಿ ಪೇಪರ್ ಕೆಳಗಿಡಿ

ಪ್ರತಿ ವರ್ಷ ಆಯುಧಪೂಜೆಗೆ ಹತ್ತು ದಿನ ಇದೆ ಅನ್ನುವಾಗ ನನಗೆ ಫೋನ್ ಶುರುವಾಗುತ್ತದೆ. ಕಾಲೇಜಿನ ಗೇಟಿನ ಪಕ್ಕ ನಿಲ್ಲಿಸಿದ ಹಳೇ ವಿಮಾನ, ಇಲ್ಲವೇ ಲ್ಯಾಬಿನ ಮೂಲೆಯಲ್ಲಿ ಕೂತ ಎಂಜಿನ್. "ಸರ್, ಎಲ್ಲಾ ಕ್ಲೀನಾಗಿ ಉಜ್ಜಿಸಿದ್ದೀವಿ. ಯಾವ ಪೇಂಟ್ ಹೊಡೆಸೋಣ ಹೇಳಿ." ಉಜ್ಜಿಸಿ ಆದಮೇಲೆ ಕೇಳುತ್ತಾರೆ. ತಲೆ ಬೋಳಿಸಿದ ಮೇಲೆ ಬೈತಲೆ ಎಲ್ಲಿ ತೆಗೆಯಲಿ ಅಂತ ಕೇಳಿದ ಹಾಗೆ.

ನಾನು ವಿಮಾನಗಳ ಓವರ್‌ಹಾಲ್ ಹ್ಯಾಂಗರಿನಲ್ಲಿ 31 ವರ್ಷ ಇನ್ಸ್‌ಪೆಕ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಹಳೇ ವಿಮಾನ ಇಟ್ಟುಕೊಂಡವರು ಕರೆದರೆ ಹೋಗಿ ನೋಡಿ ಬರುತ್ತೇನೆ. ಫೀಸು ಕಾಫಿ, ಜಾಸ್ತಿ ಅಂದರೆ ಊಟ. ಹಾಗಾಗಿ ಸ್ವಲ್ಪ ಗದರುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಉಜ್ಜಬೇಡಿ ಅಂದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. "ನೀವೇ ಹ್ಯಾಂಗರಿನಲ್ಲಿ ಪೇಂಟ್ ಕಿತ್ತು ಹೊಸದು ಹೊಡೀತಿದ್ರಲ್ಲ?" ಹೌದು, ಹೊಡೆಯುತ್ತಿದ್ದೆವು. ಆದರೆ ಹಾರುವ ವಿಮಾನಕ್ಕೆ ಲಾಗ್‌ಬುಕ್ ಇರುತ್ತದೆ. ಯಾವತ್ತು ಯಾವ ಭಾಗ ಬಿಚ್ಚಿದರು, ಎಲ್ಲಿ ಬಿರುಕು ಸಿಕ್ಕಿತು, ಯಾರು ತೇಪೆ ಹಾಕಿದರು, ಯಾರು ನೋಡಿ ಸಹಿ ಮಾಡಿದರು, ಎಲ್ಲವೂ ಅದರಲ್ಲಿ ಇರುತ್ತದೆ. ಮೈ ಬದಲಾದರೂ ನೆನಪು ಪುಸ್ತಕದಲ್ಲಿ ಉಳಿಯುತ್ತದೆ. ನಿಮ್ಮ ಗೇಟಿನ ಪಕ್ಕ ನಿಂತಿರುವ ವಿಮಾನದ ಲಾಗ್‌ಬುಕ್ ಎಲ್ಲಿದೆ? ಕಳೆದುಹೋಗಿ ಎಷ್ಟೋ ಕಾಲವಾಯಿತು. ಈಗ ಅದರ ಮೈಯೇ ಅದರ ಲಾಗ್‌ಬುಕ್. ಪೇಂಟಿನ ಒಂದೊಂದು ಪದರವೂ ಒಂದೊಂದು ಪುಟ. ರಿವೆಟ್ಟಿನ ಸಾಲು, ತೇಪೆ, ಒಳಗಡೆ ಮಸುಕಾದ ಶಾಯಿಯ ಮುದ್ರೆ, ಎಂಜಿನ್ನಿನ ಮೇಲಿನ ತಗಡಿನ ಫಲಕ, ಎಲ್ಲವೂ ಬರವಣಿಗೆಯೇ. ನೀವು ಎಮರಿ ಪೇಪರ್ ಹಿಡಿದು ಪುಟ ಅಳಿಸುತ್ತಿದ್ದೀರಿ. ಇದನ್ನು ಎಷ್ಟು ಸಲ ಹೇಳಿದ್ದೇನೋ. ತಲೆ ಆಡಿಸುತ್ತಾರೆ, ಕಾಫಿ ಕೊಡುತ್ತಾರೆ, ನಾನು ಬಸ್ಸು ಹತ್ತಿದ ಮೇಲೆ ಮತ್ತೆ ಉಜ್ಜಿಸುತ್ತಾರೆ.

ಇತಿಹಾಸ ಯಾರಿಗೆ ಬೇಕು ಸಾರ್ ಅನ್ನುವವರಿಗೆ ಲೋಹದ ಲೆಕ್ಕ ಹೇಳುತ್ತೇನೆ. ವಿಮಾನದ ತಗಡು ಅಡುಗೆಮನೆಯ ಅಲ್ಯುಮಿನಿಯಂ ಪಾತ್ರೆ ಅಲ್ಲ. ಒಳಗಿರುವುದು ತಾಮ್ರ ಬೆರೆಸಿದ ಮಿಶ್ರಲೋಹ. ತುಂಬಾ ಗಟ್ಟಿ, ಆದರೆ ನೀರು, ಗಾಳಿ ತಾಗಿದರೆ ಬೇಗ ಕೊರೆದುಹೋಗುತ್ತದೆ. ಅದಕ್ಕೇ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಮ್ಮಿನ ತೆಳು ಹೊದಿಕೆ ಕೊಟ್ಟಿರುತ್ತಾರೆ. ಎಷ್ಟು ತೆಳು ಅಂದರೆ, ಒಂದು ಮಿಲಿಮೀಟರ್ ತಗಡಿನಲ್ಲಿ ಒಂದು ಬದಿಯ ಹೊದಿಕೆ ಸುಮಾರು 0.05 ಮಿಲಿಮೀಟರ್. ನೋಟ್‌ಬುಕ್ಕಿನ ಹಾಳೆಗಿಂತಲೂ ತೆಳು. ಬಫಿಂಗ್ ಮಷೀನ್ ಹಿಡಿದ ಹುಡುಗ ಒಂದು ಮಧ್ಯಾಹ್ನದಲ್ಲಿ ಅದನ್ನು ತೆಗೆದುಹಾಕಬಲ್ಲ. ಆವತ್ತು ಕನ್ನಡಿಯ ಹಾಗೆ ಹೊಳೆಯುತ್ತದೆ, ಪ್ರಿನ್ಸಿಪಾಲರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಎರಡು ಮಳೆಗಾಲ ಕಳೆಯಲಿ, ಬಿಳೀ ಪುಡಿ ಏಳುತ್ತದೆ, ತಗಡು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಸ್ಟೀಲ್ ವುಲ್ ಹಾಕಿ ಉಜ್ಜಿದ್ದರೆ ಇನ್ನೂ ಬೇಗ. ಕಬ್ಬಿಣದ ಚೂರುಗಳು ಅಲ್ಲೇ ಕೂತು ಕೆಲಸ ಶುರುಮಾಡುತ್ತವೆ. ಅಮೆರಿಕದಲ್ಲಿ ಮಿರಮಿರ ಹೊಳೆಯುವ ಹಳೇ ವಿಮಾನಗಳ ಫೋಟೋ ತೋರಿಸಿ ವಾದ ಮಾಡುವವರಿದ್ದಾರೆ. ಅವು ಹ್ಯಾಂಗರಿನ ಸೂರಿನಡಿ ಇರುತ್ತವೆ ಸ್ವಾಮಿ. ನಿಮ್ಮದು ಪಾರ್ಕಿಂಗ್ ಪಕ್ಕ, ಗುಲ್‌ಮೊಹರ್ ಮರದ ಕೆಳಗಿದೆ.

ಇನ್ನೊಂದು. ವಿಮಾನದ ಹೊಟ್ಟೆಯ ಅಡಿಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಒಳಗೆ ಸೇರಿದ ನೀರು ಇಳಿದುಹೋಗಲಿ ಅಂತ ಇಟ್ಟ ತೂತುಗಳು. ಪೇಂಟಿನವರು ಅವನ್ನು ಹಾಳಾದ ಜಾಗ ಅಂದುಕೊಂಡು ಪುಟ್ಟಿ ತುಂಬಿ ಸಾಪಾಟು ಮಾಡುತ್ತಾರೆ. ಒಂದು ಕಡೆ ನಾನು ಸ್ಕ್ರೂಡ್ರೈವರಿನಿಂದ ಪುಟ್ಟಿ ಕೀಳುತ್ತಿದ್ದಂತೆ ನೀರು ದಬದಬ ಸುರಿದು ಪ್ಯಾಂಟು ನೆನೆಯಿತು.

ಈಗ ಲಿಬರೇಟರ್ ಕಥೆ. ನಮ್ಮ ಬೆಂಗಳೂರಿನವರಿಗೇ ಇದು ಸರಿಯಾಗಿ ಗೊತ್ತಿಲ್ಲ ಅನ್ನುವುದು ನನ್ನ ಸಂಕಟ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಲೆಂಡ್-ಲೀಸ್ ಅನ್ನುವ ಎರವಲು ಒಪ್ಪಂದದಡಿ ಬ್ರಿಟನ್ನಿಗೆ ಬಿ-24 ಲಿಬರೇಟರ್ ಬಾಂಬರುಗಳನ್ನು ಕೊಟ್ಟಿತ್ತು. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಯುದ್ಧ ಮುಗಿಯಿತು. ಒಪ್ಪಂದದ ಪ್ರಕಾರ ಅವನ್ನು ವಾಪಸು ಕೊಡಬೇಕು, ಇಲ್ಲವೇ ಯಾರ ಉಪಯೋಗಕ್ಕೂ ಬಾರದ ಹಾಗೆ ಮಾಡಬೇಕು. ಬ್ರಿಟಿಷರು ಎರಡನೆಯದನ್ನು ಆರಿಸಿಕೊಂಡರು. ಕಾನ್ಪುರದ ಚಕೇರಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿ, ಮೀಟರುಗಳನ್ನು ಒಡೆದು, ಮೈಗೆ ಏಟು ಹಾಕಿ, ಬಿಟ್ಟು ಹೋದರು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ಹಣ ಇರಲಿಲ್ಲ. 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯವರನ್ನು ಕರೆದು ಈ ಗುಜರಿಯಲ್ಲಿ ಏನಾದರೂ ಆಗುತ್ತಾ ನೋಡಿ ಅಂದರು.

ಇವರೇ ಯಾಕೆ ಅಂತ ಕೇಳಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಈ ಕಾರ್ಖಾನೆ ಶುರುಮಾಡಿದ್ದು ವಿಮಾನ ಕಟ್ಟುವುದಕ್ಕೆ. ಯುದ್ಧ ಬರ್ಮಾದವರೆಗೆ ಬಂದ ಮೇಲೆ, 1943ರಲ್ಲಿ ಅದು ಅಮೆರಿಕನ್ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಕಟ್ಟುವ ಕೆಲಸ ನಿಂತು ರಿಪೇರಿ ಕೆಲಸ ತುಂಬಿಕೊಂಡಿತು. ಡಕೋಟಾ ಅನ್ನುವ ಸಾಗಣೆ ವಿಮಾನ ಬಂತು. ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನ ಬಂತು. ಅದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಇವತ್ತು ನೊರೆ ಉಕ್ಕುವ ಅದೇ ಕೆರೆ. ಡಕೋಟಾಕ್ಕೂ ಕ್ಯಾಟಲಿನಾಕ್ಕೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿಯ 14 ಸಿಲಿಂಡರಿನ ಆರ್-1830 ಎಂಜಿನ್. ಲಿಬರೇಟರಿಗೂ ಅದೇ ಕುಟುಂಬದ ಎಂಜಿನ್. ಕಾನ್ಪುರದಲ್ಲಿ ಕಾಗೆ ಗೂಡು ಕಟ್ಟಿದ ಆ ಬಾಂಬರುಗಳ ಕವಚ ಬಿಚ್ಚಿದಾಗ ನಮ್ಮವರಿಗೆ ಕಂಡದ್ದು ಪರಿಚಯದ ಮುಖ. ಆ ಗುಜರಿ ಮತ್ತೆ ಹಾರಿದ್ದನ್ನು ಪವಾಡ ಪವಾಡ ಅನ್ನುತ್ತಾರಲ್ಲ, ಅದರ ಹಿಂದೆ ಇದ್ದದ್ದು ಮೂರ್ನಾಲ್ಕು ವರ್ಷ ಅದೇ ಎಂಜಿನ್ ಬಿಚ್ಚಿ ಕೂಡಿಸಿದ ಕೈಗಳು.

ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಅಲ್ಲೇ ತೇಪೆ ಹಚ್ಚಿ, ಒಂದು ಹಾರಾಟಕ್ಕೆ ಸಾಕಾಗುವಷ್ಟು ಮಾಡಿಕೊಂಡರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ 40ಕ್ಕೂ ಹೆಚ್ಚು ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಓವರ್‌ಹಾಲ್ ಆಯಿತು. ಇನ್ಸ್‌ಪೆಕ್ಟರ್ ಆಗಿ ಹೇಳುತ್ತೇನೆ, ಆ ಕಾನ್ಪುರದ ಹಾರಾಟಕ್ಕೆ ಸಹಿ ಹಾಕು ಅಂದಿದ್ದರೆ ನನ್ನ ಕೈ ನಡುಗುತ್ತಿತ್ತು. 1948ರ ನವೆಂಬರಿನಲ್ಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್ ಜೊತೆ ಎದ್ದು ನಿಂತಿತು. ಈ ವಿಮಾನಗಳು 1968ರವರೆಗೆ ಹಾರಿದವು. ಕೈಗೆ ಸಿಗಬಾರದು ಅಂತ ಒಡೆದು ಹೋದದ್ದು, ಅದೇ ಕೈಯಲ್ಲಿ ಇಪ್ಪತ್ತು ವರ್ಷ.

ಜಗತ್ತಿನಲ್ಲಿ ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದವು. ಬ್ರಿಟನ್ನಿನ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಮ್ಮಿಗೆ ಒಂದು ಹೋಯಿತು. ಕೆನಡಾದ ಆಟವಾದಲ್ಲಿ ಒಂದಿದೆ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಮ್ಮಿನಲ್ಲಿ ಒಂದಿದೆ. ಕಾಲಿಂಗ್ಸ್ ಫೌಂಡೇಶನ್ನಿನ ಪ್ರಸಿದ್ಧ ಬಿ-24 ಕೂಡ ನಮ್ಮ ವಾಯುಪಡೆಯದೇ. ಅದು ಅಮೆರಿಕನ್ ಬಣ್ಣ ಹಚ್ಚಿಕೊಂಡೇ ಊರೂರು ಸುತ್ತಿತು. ನಾನು ಅವರನ್ನು ದೂರುವುದಿಲ್ಲ. ಒಂದು ವಿಮಾನಕ್ಕೆ ಮೂರು ಜನ್ಮ ಇದ್ದರೆ ಮೇಲೆ ಕಾಣುವುದು ಒಂದೇ. ತೋರಿಸುವವರು ತಮ್ಮದನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಹೋಗಿ ಬಂದ ನಮ್ಮ ಹುಡುಗರು "ಅಂಕಲ್, ಅಮೆರಿಕದ ಬಾಂಬರ್ ನೋಡ್ದೆ" ಅಂದಾಗ ಮಾತ್ರ ಹೊಟ್ಟೆ ಸ್ವಲ್ಪ ಉರಿಯುತ್ತದೆ.

ಇಲ್ಲಿ ನಾವು ಮಾಡುತ್ತಿರುವುದೇನು? ಅದೇ ಕೆಲಸ, ಇನ್ನೂ ಒರಟಾಗಿ. ನನ್ನನ್ನು ಜಾಸ್ತಿ ಕಾಡುವ ಬೇಡಿಕೆ ಇದು: "ಬ್ರಿಟಿಷರ ಗುರುತು ಯಾಕೆ ಸರ್ ಇರ್ಬೇಕು, ಉಜ್ಜಿ ನಮ್ಮದು ಬರೆಸಿಬಿಡೋಣ." ದೇಶಪ್ರೇಮದ ಮಾತು, ಥಟ್ಟನೆ ಬೈಯುವುದಕ್ಕೂ ಆಗುವುದಿಲ್ಲ. ಆದರೆ ರೆಕ್ಕೆಯ ಮೇಲಿನ ಆ ದುಂಡು ಗುರುತು ಏನು ಹೇಳುತ್ತದೆ ನೋಡಿ. ನಮ್ಮ ವಾಯುಪಡೆ ಹುಟ್ಟಿದ್ದು 1932ರಲ್ಲಿ. 1933ರಲ್ಲಿ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳಿಂದ ಕೆಲಸ ಶುರು. ರೆಕ್ಕೆಯ ಮೇಲೆ ಬ್ರಿಟನ್ನಿನ ಕೆಂಪು-ಬಿಳಿ-ನೀಲಿ ಚಕ್ರ. ಕೆಲವೇ ವರ್ಷದಲ್ಲಿ ಅವನ್ನು ವಜೀರಿಸ್ತಾನದ ಗುಡ್ಡಗಳಿಗೆ ಕಳಿಸಿದರು, ಬ್ರಿಟಿಷ್ ಆಳ್ವಿಕೆಗೆ ಬಗ್ಗದ ಪಠಾಣರ ಮೇಲೆ. ಆಳಿಸಿಕೊಂಡವರನ್ನು ಬಗ್ಗಿಸಲು ಆಳಿಸಿಕೊಂಡವರನ್ನೇ ಕಳಿಸಿದ್ದು. ಆ ವಿಮಾನದ ಮೇಲೆ ಕೇಸರಿ-ಬಿಳಿ-ಹಸಿರು ಬಳಿದರೆ ಅದು ದೇಶಪ್ರೇಮ ಆಗುವುದಿಲ್ಲ, ಸುಳ್ಳು ಸಾಕ್ಷಿ ಆಗುತ್ತದೆ. ಯಾರು ಯಾರ ಹೆಸರಿನಲ್ಲಿ ಗುಂಡು ಹಾರಿಸಿದರು ಅನ್ನುವುದನ್ನೇ ಮುಚ್ಚಿಹಾಕುತ್ತದೆ.

ಆಮೇಲೆ ಬರ್ಮಾ ಯುದ್ಧ. ಆಗ ಈ ಕಡೆಯ ವಿಮಾನಗಳ ಚಕ್ರದಿಂದ ಕೆಂಪನ್ನೇ ತೆಗೆದರು. ಜಪಾನಿನ ಗುರುತು ಕೆಂಪು ಸೂರ್ಯ. ಕೆಂಪು ಚುಕ್ಕೆ ಕಂಡರೆ ಸಾಕು, ಕೆಳಗಿನ ಗನ್ನರ್ ತನ್ನವರ ಮೇಲೇ ಹಾರಿಸುತ್ತಿದ್ದ. ಹಾಗಾಗಿ ಎರಡು ಬಗೆಯ ನೀಲಿ, ಅಷ್ಟೇ. ಸ್ವಾತಂತ್ರ್ಯ ಬಂದಾಗ ಸ್ವಲ್ಪ ಕಾಲ ನೀಲಿ ಅಶೋಕ ಚಕ್ರ ಇತ್ತು. 1950ರಿಂದ ತ್ರಿವರ್ಣ, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. (ಹಸಿರನ್ನು ಹೊರಗೆ ಬರೆಸಿದ ಕಾಲೇಜೂ ಒಂದಿದೆ. ಹೆಸರು ಬೇಡ.)

ಒಂದು ಕಾಲೇಜಿನಲ್ಲಿ ಹಾರ್ವರ್ಡ್ ಟ್ರೈನರ್ ವಿಮಾನದ ರೆಕ್ಕೆ ಇತ್ತು. ಬಣ್ಣ ಎದ್ದು ಬರುತ್ತಿದ್ದ ಅಂಚಿನಲ್ಲಿ ಬೆರಳಿಟ್ಟು ಹುಡುಗರಿಗೆ ತೋರಿಸಿದೆ. ಮೇಲೆ ಕೇಸರಿ, ಅದರ ಕೆಳಗೆ ಹಳದಿ, ಅದರ ಕೆಳಗೆ ಉಗುರಿನಗಲ ನೀಲಿ. ಮಾತಾಡುತ್ತಿದ್ದ ಹುಡುಗರು ಸುಮ್ಮನಾದರು. ಒಬ್ಬಳು ಮೊಬೈಲ್ ಟಾರ್ಚ್ ಹಾಕಿ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಮರುವರ್ಷ ಅಲ್ಲಿಗೆ ಯಾವುದೋ ಪರಿಶೀಲನಾ ತಂಡ ಬರುವುದಿತ್ತು. ನಾನು ಹೋದಾಗ ರೆಕ್ಕೆ ಬೆಳ್ಳಿ ಲೋಟದ ಹಾಗಿತ್ತು. "ಹೇಗಿದೆ ಸರ್?" ಅಂದರು. ನಾನು ಕಾಫಿ ಕುಡಿಯದೆ ವಾಪಸು ಬಂದೆ. ಆಮೇಲೆ ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಕಾಫಿಯಾದರೂ ಕುಡಿಯಬೇಕಿತ್ತು ಅನ್ನಿಸಿತು.

ಮಾಡಬೇಕಾದ್ದು ಕಷ್ಟವೇನಿಲ್ಲ. ಮೊದಲು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಆಮೇಲೆ ಮೆತ್ತನೆ ಬ್ರಷ್, ಒಣಗಿದ ಹತ್ತಿ ಬಟ್ಟೆ. ತೂತು ತೆರೆದಿರಲಿ. ಪೇಂಟಿಗೆ ಇಟ್ಟ ದುಡ್ಡಿನಲ್ಲಿ ಮೇಲೊಂದು ಶೀಟ್ ಹಾಕಿಸಿ. ಬಣ್ಣ ಹೊಡೆಯಲೇಬೇಕು ಅಂತಾದರೆ ಗೊತ್ತಿದ್ದವರನ್ನು ಕರೆಸಿ, ಒಂದು ಅಡಿ ಜಾಗವನ್ನಾದರೂ ಹಳೆಯದು ಇದ್ದ ಹಾಗೆಯೇ ಬಿಡಿ. ಪ್ರತಿ ವಿಮಾನವೂ ಬೇರೆ, ನೋಡದೆ ನಾನು ಇಷ್ಟಕ್ಕಿಂತ ಜಾಸ್ತಿ ಹೇಳಲಾರೆ.

ಎಚ್ಚರಿಕೆ ಮಾತ್ರ ನೋಡದೆಯೂ ಹೇಳುತ್ತೇನೆ. ಒಳಗಿನ ಹಸಿರು-ಹಳದಿ ಬಣ್ಣ ಕ್ರೋಮೇಟ್ ಇರುವಂಥದ್ದು, ಅದರ ಧೂಳು ಕ್ಯಾನ್ಸರಿಗೆ ದಾರಿ. ಹುಡುಗರ ಕೈಗೆ ಎಮರಿ ಕೊಟ್ಟು ನಿಲ್ಲಿಸಬೇಡಿ. ಯುದ್ಧಕಾಲದ ಮೀಟರುಗಳ ಮುಳ್ಳಿಗೆ, ಅಂಕಿಗೆ ರೇಡಿಯಂ ಬಳಿದಿರುತ್ತಿದ್ದರು. "ಈಗ ಹೊಳೆಯಲ್ಲ ಸರ್, ಸತ್ತುಹೋಗಿದೆ" ಅನ್ನುತ್ತಾರೆ. ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ಬಿಚ್ಚಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಅನುಮಾನ ಇದ್ದರೆ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಕೇಳಿ. ಕಾರ್ಟ್ರಿಜ್ ಅಥವಾ ಶೆಲ್ ತರಹದ್ದು ಏನಾದರೂ ಕಂಡರೆ ಮುಟ್ಟದೆ 112ಕ್ಕೆ ಫೋನ್ ಮಾಡಿ. ನನಗಲ್ಲ.

ಹೋದ ದಸರಾ ಹೊತ್ತಿಗೆ ಹಲಸೂರಿನ ಒಂದು ಮನೆಯಿಂದ ಕರೆ ಬಂತು. ನಡುಮನೆ ಗೋಡೆಗೆ ಮೊಳೆ ಹೊಡೆದು ಒಂದು ಹಿತ್ತಾಳೆ ಫಲಕ ಹಾಕಿದ್ದರು. ಆ ಮನೆಯ ಅಜ್ಜಿಯ ಮಾವ ಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಅಜ್ಜಿ ಅದನ್ನು ದೇವರ ಪಾತ್ರೆಗಳ ಜೊತೆ ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಅರವತ್ತು ವರ್ಷ. ಚಿನ್ನದ ಹಾಗೆ ಫಳಫಳ. ಒಂದಕ್ಷರ ಇಲ್ಲ. ಬೆರಳಾಡಿಸಿದರೆ ಮೂಲೆಯಲ್ಲಿ 1830 ಅನ್ನುವ ಅಂಕಿ ಮಾತ್ರ ತಗಲುತ್ತಿತ್ತು. ಮೊಳೆ ಕಿತ್ತು ಫಲಕ ತಿರುಗಿಸಿದೆ. ಹಿಂಬದಿ ಕಪ್ಪಗಿತ್ತು. ಆ ಕಪ್ಪಿನಲ್ಲಿ ಚೂಪು ಮೊನೆಯಿಂದ ಗೀಚಿದ ಮೂರು ಕನ್ನಡ ಅಂಕಿ: ೩೧೭.

"ಅದು ಮಾವನೋರ ಟೋಕನ್ ನಂಬರ್ ಕಣಪ್ಪ," ಅಂದರು ಅಜ್ಜಿ. "ಟಿಫಿನ್ ಡಬ್ಬಿ ಮೇಲೂ ಕೊರೆದುಕೊಂಡಿದ್ರು. ದಿನಾ ನಾನೇ ಕಟ್ಟಿ ಕೊಡ್ತಿದ್ದೆ." ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಸೆರಗಿನಿಂದ ಒರೆಸಲು ಕೈ ಚಾಚಿದರು. "ಎಷ್ಟು ಕಪ್ಪಾಗಿದೆ ನೋಡು. ಹಿಂದಗಡೆನೂ ಒಂದ್ಸಲ ಹುಣಸೆಹಣ್ಣು ಹಾಕಿಬಿಡ್ಲಾ?"